ಅತ್ತಿಗೆಯ ಗುರುವಾರ

ನನ್ನ ಬೂದು ಬಣ್ಣದ ಸ್ವೆಟರಿಗೆ ಬೆಳ್ಳುಳ್ಳಿಯ ವಾಸನೆ ಅಂಟಿಕೊಂಡಿದೆ. ಬರಿಯ ಬೆಳ್ಳುಳ್ಳಿಯಲ್ಲ, ಎಣ್ಣೆಯಲ್ಲಿ ಹದವಾಗಿ ಕೆಂಪಗಾದ ಬೆಳ್ಳುಳ್ಳಿಯ ಮೇಲೆ ಹುಳಿ ಕಿತ್ತಳೆಯ ರಸ ಹಿಂಡಿದರೆ ಏಳುತ್ತದಲ್ಲ, ಆ ವಾಸನೆ. ಇವತ್ತು ಬೆಳಿಗ್ಗೆ ಬೀರು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಅದೇ. ವಾರಾಂತ್ಯಕ್ಕೆಂದು ಬಂದಿದ್ದ ಮಗಳು ಮೂಗು ಮುಚ್ಚಿಕೊಂಡು, "ಅಮ್ಮ, ಜಸ್ಟ್ ವಾಶ್ ಇಟ್" ಅಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಒಗೆಯಲ್ಲ" ಅಂದೆ.

ಕಾರಣ ಕೊಡದೆ ಇಲ್ಲ ಅನ್ನುವುದು ಅರವತ್ತು ದಾಟಿದ ಮೇಲೆ ನಾನು ಕಲಿತ ವಿದ್ಯೆ. ಇನ್ನೂ ಕೈ ಕುದುರಿಲ್ಲ. ಮಗಳ ಮುಂದೆ ಆಗುತ್ತದೆ, ಬೇರೆಯವರ ಮುಂದೆ ನಾಲಿಗೆ ತಡವರಿಸುತ್ತದೆ. ನಿಮಗಾದರೆ ಕಾರಣವನ್ನು ಹೇಳಿಬಿಡುತ್ತೇನೆ. ನೀವೇನು ಸ್ವೆಟರ್ ಒಗೆಯಿರಿ ಅಂದವರಲ್ಲ.

ಈ ವಿದ್ಯೆಯನ್ನು ನನಗೆ ಕಲಿಸಿದವರು ಪದ್ಮಾ ಅತ್ತಿಗೆ, ನನ್ನ ಹಿರಿಯಣ್ಣನ ಹೆಂಡತಿ. ಅಣ್ಣ ನನಗಿಂತ ಹದಿನೆಂಟು ವರ್ಷ ದೊಡ್ಡವನು. ನಾನು ಕಡಲಾಚೆಯ ಈ ದೇಶದ ವಿಶ್ವವಿದ್ಯಾಲಯಕ್ಕೆ ಓದಲು ಬರುವಷ್ಟರಲ್ಲಿ ಅವನು ವಿಮಾನ ಕಾರ್ಖಾನೆಯಲ್ಲಿ ದೊಡ್ಡ ಎಂಜಿನಿಯರಾಗಿದ್ದ, ಕೆಂಟ್‌ನ ಗುಡ್ಡದ ಮೇಲೆ ಮನೆ ಮಾಡಿದ್ದ. ವಿಮಾನದ ರೆಕ್ಕೆ ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಆ ಕಾಲದಲ್ಲಿ ಇಡೀ ಊರಿನಲ್ಲಿ ಕನ್ನಡದವರೆಂದರೆ ಕೈಬೆರಳಲ್ಲಿ ಎಣಿಸುವಷ್ಟು ಮಂದಿ. ಹಾಸ್ಟೆಲಿನಲ್ಲಿ ಬ್ರೆಡ್ಡು ತಿಂದು ನಾಲಿಗೆ ಜಡ್ಡುಗಟ್ಟಿದ ಹುಡುಗ ಹುಡುಗಿಯರೆಲ್ಲ ಭಾನುವಾರ ಬಸ್ಸು ಹಿಡಿದು ಅಣ್ಣನ ಮನೆಗೆ ಬರುತ್ತಿದ್ದೆವು. ಅತ್ತಿಗೆಯ ಬಿಸಿಬೇಳೆ ಬಾತಿನ ಪಾತ್ರೆ ಖಾಲಿಯಾಗುವವರೆಗೆ ಯಾರೂ ಏಳುತ್ತಿರಲಿಲ್ಲ. ಅವರಲ್ಲಿ ಕೆಲವರು ಈಗ ಸ್ನೊಕ್ವಾಲ್ಮಿಯ ಕಡೆ ಮನೆ ಕಟ್ಟಿಕೊಂಡು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಸಿಕ್ಕಾಗಲೆಲ್ಲ ಆ ಬಿಸಿಬೇಳೆ ಬಾತನ್ನು ನೆನೆಯುತ್ತಾರೆ. ಅತ್ತಿಗೆ ಎಲ್ಲಿ ಕೂತು ಊಟ ಮಾಡುತ್ತಿದ್ದರು ಎಂದು ಕೇಳಿನೋಡಿ, ಒಬ್ಬರಿಗೂ ನೆನಪಿಲ್ಲ.

ನೆನಪಿರಲು ಅವರು ಕೂತರೆ ತಾನೆ? ಎಲ್ಲರದೂ ಮುಗಿದ ಮೇಲೆ ಒಲೆಯ ಪಕ್ಕದ ಕಟ್ಟೆಗೆ ಒರಗಿ ನಿಂತು, ಪಾತ್ರೆಯ ತಳ ಬಳಿದು ನಾಲ್ಕು ತುತ್ತು ತಿನ್ನುತ್ತಿದ್ದರು. ಆ ಹೊತ್ತಿಗೆ ಅನ್ನ ತಣ್ಣಗಾಗಿರುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡು ಏನು ಮಾಡಿದೆ ಅನ್ನುತ್ತೀರಾ? ಮಜ್ಜಿಗೆ ಕೇಳಿದೆ.

ಹೊರಗೆ ಊಟಕ್ಕೆ ಹೋದಾಗಲೂ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಮೆನು ಅಣ್ಣನ ಕೈಗೆ ಹೋಗುತ್ತಿತ್ತು. ಅವನು ಕನ್ನಡಕವನ್ನು ಹಣೆಗೇರಿಸಿ, ನಕ್ಷೆ ಓದುವವನಂತೆ ಓದಿ, "ವೆಜಿಟೇರಿಯನ್ ಪಾಸ್ತಾ ನಾಲ್ಕು" ಎಂದು ಹೇಳಿ ಮೆನು ಮುಚ್ಚುತ್ತಿದ್ದ. "ಪದ್ಮಾ, ಸರಿ ತಾನೆ?" ಎಂದು ಕೇಳುತ್ತಿದ್ದದ್ದೂ ನಿಜ, ಆದರೆ ಬಡಿಸುವವನು ಬರೆದುಕೊಂಡು ಹೋದ ಮೇಲೆ. "ನಂಗೆ ಯಾವುದಾದ್ರೂ ಸರಿ" ಅನ್ನುತ್ತಿದ್ದರು ಅತ್ತಿಗೆ. ಅವರಿಗೆ ನಿಜವಾಗಿಯೂ ಯಾವುದಾದರೂ ಸರಿ ಎಂದೇ ನಾವೆಲ್ಲ ಬಹಳ ವರ್ಷ ನಂಬಿದ್ದೆವು. ನಂಬುವುದು ನಮಗೆ ಅನುಕೂಲವಾಗಿತ್ತು.

ಇನ್ನು ಗುರುವಾರದ ಮಾತು. ಐವತ್ತೆರಡನೆಯ ವಯಸ್ಸಿಗೆ ಅಣ್ಣನಿಗೆ ಹೃದಯದ ಆಪರೇಷನ್ ಆಯಿತು. ಅವನು ಒಳಗಿದ್ದಾಗ ಮೈಸೂರಿನಿಂದ ಅಮ್ಮನ ಫೋನು ಬಂತು. ಎತ್ತಿದವಳು ನಾನು. ಅಮ್ಮ ಅಳುತ್ತಲೇ, "ಪದ್ಮನಿಗೆ ಹೇಳು, ಇನ್ನು ಮೇಲೆ ಗುರುವಾರ ಒಪ್ಪೊತ್ತು ಮಾಡಲಿ. ಅವನು ಇರೋವರೆಗೂ ಬಿಡಬಾರ್ದು. ನಾನು ಹರಕೆ ಹೊತ್ತಾಗಿದೆ" ಅಂದರು. "ಹೂಂ ಅಮ್ಮ, ಅತ್ತಿಗೆ ಮಾಡ್ತಾರೆ" ಅಂದೆ. ಹಾಗೆ ಹೇಳುವಾಗ ಅತ್ತಿಗೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ಆಸ್ಪತ್ರೆಯ ಗೋಡೆಗೆ ಒರಗಿ ನಿಂತಿದ್ದರು. ಹತ್ತು ಹೆಜ್ಜೆ ನಡೆದು ಕೇಳಬಹುದಿತ್ತು. ಕೇಳಲಿಲ್ಲ. ಆಮೇಲೆ ಹೋಗಿ ತಿಳಿಸಿದೆ, ಅಷ್ಟೆ.

ಅಂದಿನಿಂದ ಗುರುವಾರ ಹಗಲೆಲ್ಲ ಅತ್ತಿಗೆಗೆ ಉಪವಾಸ. ಸಂಜೆ ದೀಪ ಹಚ್ಚಿದ ಮೇಲೆ ಒಂದಿಷ್ಟು ಉಪ್ಪಿಟ್ಟು. ಅಣ್ಣನಿಗೆ ಮಾತ್ರೆಗಳಿದ್ದವಲ್ಲ, ಅವನು ಉಪವಾಸ ಮಾಡುವಂತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಅವನ ಡಬ್ಬಿಗೆ ಎಂದಿನಂತೆ ಹುಳಿ, ಪಲ್ಯ, ಚಪಾತಿ ಕಟ್ಟಿಕೊಟ್ಟು ಆಮೇಲೆ ಅವರು ಹಸಿದುಕೊಂಡಿರುತ್ತಿದ್ದರು. ಅಣ್ಣನ ಹೃದಯ ಗಟ್ಟಿಯಾಯಿತು, ಅವನು ನಿವೃತ್ತನೂ ಆದ. ವಾಕಿಂಗ್ ಹೋಗುವ ಗೆಳೆಯರ ಹತ್ತಿರ, "ಎಲ್ಲಾ ಪದ್ಮಾ ಮಾಡೋ ಗುರುವಾರದ ಪುಣ್ಯ" ಎಂದು ಹೇಳಿಕೊಳ್ಳುತ್ತಿದ್ದ. ರೆಕ್ಕೆಯ ವಿಷಯದಲ್ಲಿ ಯಾರ ಮಾತನ್ನೂ ಪರೀಕ್ಷೆ ಮಾಡದೆ ಒಪ್ಪದ ಮನುಷ್ಯ ಅವನು.

ಮಕ್ಕಳು ಬೆಳೆದು ಹೋದ ಮೇಲೆ ಅತ್ತಿಗೆ ಟಕ್ವಿಲಾದ ಮಾಲ್ ಹತ್ತಿರ ಒಂದು ಆಲ್ಟರೇಶನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರು. ಪ್ಯಾಂಟಿನ ಅಂಚು ಮಡಿಸುವುದು, ಮದುವೆಯ ಗೌನು ಬಿಗಿ ಮಾಡುವುದು, ಹೀಗೆ. ಅಣ್ಣ ಅದನ್ನು "ಪದ್ಮನ ಟೈಂಪಾಸ್" ಅನ್ನುತ್ತಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ.

ಏಳು ವರ್ಷದ ಹಿಂದೆ ಒಂದು ದಿನ ಅಡುಗೆಮನೆಗೆ ಟೈಲ್ಸ್ ನೋಡಲು ನಾನು ಟಕ್ವಿಲಾಕ್ಕೆ ಹೋದೆ. ನಾನು ಕೆಲಸ ಮಾಡುವ ಕ್ಯಾನ್ಯನ್ ಪಾರ್ಕಿನ ಲ್ಯಾಬಿಗೆ ರಜ ಹಾಕಿದ್ದೆ. ಗೋದಾಮುಗಳ ಸಾಲಿನ ನಡುವೆ ಹಳದಿ ಬಾಗಿಲಿನ ಒಂದು ಸಣ್ಣ ಕ್ಯೂಬನ್ ಹೋಟೆಲು. ಮಧ್ಯಾಹ್ನ ಹನ್ನೆರಡೂವರೆ. ಕಾರು ನಿಲ್ಲಿಸಲು ಜಾಗ ಹುಡುಕುತ್ತ ಅದರ ಮುಂದೆ ನಿಧಾನವಾಗಿ ಹೋಗುವಾಗ ಕಿಟಕಿಯ ಪಕ್ಕ ಅತ್ತಿಗೆ ಕಂಡರು.

ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಎದುರಿಗೆ ಯಾರೂ ಇರಲಿಲ್ಲ. ತಟ್ಟೆಯಲ್ಲಿ ಬೆಳ್ಳಗಿನ ಅನ್ನ, ಅದರ ಮೇಲೆ ಕಪ್ಪು ಹುರುಳಿಯಂಥ ಕಾಳಿನ ಗಟ್ಟಿ ಸಾರು, ಪಕ್ಕದಲ್ಲಿ ಹುರಿದ ನೇಂದ್ರ ಬಾಳೆಯ ಹೋಳುಗಳು. ಎಲ್ಲದರಿಂದಲೂ ಹಬೆ ಏಳುತ್ತಿತ್ತು. ಅತ್ತಿಗೆ ಅವಸರವಿಲ್ಲದೆ ಉಣ್ಣುತ್ತಿದ್ದರು. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಕಿಟಕಿಯಾಚೆ ನೋಡುತ್ತಿದ್ದರು. ಫೋನಿಲ್ಲ, ಪುಸ್ತಕವಿಲ್ಲ. ಮೂವತ್ತು ವರ್ಷದಿಂದ ಬಲ್ಲ ಆ ಮುಖದಲ್ಲಿ ನಾನು ಹಿಂದೆ ನೋಡಿರದ ಒಂದು ನಿರಾಳವಿತ್ತು. ಅವರು ಯಾರ ಅತ್ತಿಗೆಯಂತೆಯೂ ಕಾಣುತ್ತಿರಲಿಲ್ಲ.

ನಾನು ಏನು ಮಾಡಿದೆ ಹೇಳಲಾ? ಸಾಮಾನು ಇಳಿಸುತ್ತಿದ್ದ ಒಂದು ಲಾರಿಯ ಹಿಂದೆ ಕಾರು ನಿಲ್ಲಿಸಿ, ಇಳಿದು, ಅದರ ಮರೆಯಲ್ಲಿ ನಿಂತು ಇಣುಕಿದೆ. ಐವತ್ತೈದು ವರ್ಷದ ಹೆಂಗಸು, ಹೆಸರಿನ ಹಿಂದೆ ಡಾಕ್ಟರೇಟು. ಲಾರಿಯವನು "ಏನಾದರೂ ಕಳೆದುಹೋಯಿತಾ?" ಎಂದು ಕೇಳಿದ ಮೇಲೆ ನಾಚಿಕೆಯಾಗಿ ಹೊರಟುಬಂದೆ. ಅರ್ಧ ದಾರಿಗೆ ಬಂದಾಗ ನೆನಪಾಯಿತು, ಅವತ್ತು ಗುರುವಾರ.

ಎರಡು ದಿನ ಯಾರಿಗೂ ಹೇಳದೆ ತಡೆದುಕೊಂಡೆ. ಮೂರನೆಯ ದಿನ ಅಣ್ಣನ ಜೊತೆ ಫೋನಿನಲ್ಲಿ ಏನೋ ಮಾತಾಡುತ್ತ ಬಾಯಿಬಿಟ್ಟೆ. ಬಾಯಿತಪ್ಪಿ ಬಂತು ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ಅತ್ತಿಗೆ ನನಗೂ ಹೇಳದೆ ಒಂದು ಸುಖವನ್ನು ಇಟ್ಟುಕೊಂಡಿದ್ದಾರೆ ಎಂದು ನನಗೆ ಹೊಟ್ಟೆಕಿಚ್ಚಾಗಿತ್ತು.

ಅಣ್ಣ, "ಬೇರೆ ಯಾರನ್ನೋ ನೋಡಿರ್ತೀಯ" ಅಂದ. ಅಲ್ಲ ಅಂದೆ. "ಮುಂದಿನ ಗುರುವಾರ ನೀನೂ ಬಾ. ಹೋಗೋಣ" ಅಂದ. ಅವನ ದನಿಯಲ್ಲಿದ್ದದ್ದು ಕೋಪವಲ್ಲ, ಹೆದರಿಕೆ. ಅವನ ಕೈ ಎದೆಯ ಮೇಲೆ ಹೋಗಿರುತ್ತದೆ ಎಂದು ನನಗೆ ಫೋನಿನಲ್ಲೇ ಗೊತ್ತಾಯಿತು.

ಗುರುವಾರ ಇಬ್ಬರೂ ಹೋದೆವು. ಬಾಗಿಲು ತಳ್ಳಿದಾಗ ಅತ್ತಿಗೆ ತಲೆ ಎತ್ತಿ ನೋಡಿದರು. ಏಳಲಿಲ್ಲ. ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿ, ನೀರು ಕುಡಿದು, ಆಮೇಲೆ, "ಬನ್ನಿ, ಕೂತ್ಕೊಳಿ" ಅಂದರು.

ಅಣ್ಣ ಕೂತ. "ಏನಿದು ಪದ್ಮಾ?"

"ಊಟ."

"ಇವತ್ತು ಗುರುವಾರ."

"ಗೊತ್ತು ರೀ. ಬೇರೆ ದಿನ ಇಲ್ಲಿ ಈ ಕಾಳಿಗೆ ಮಾಂಸ ಹಾಕ್ತಾರೆ. ಗುರುವಾರ ಮಾತ್ರ ನಂಗೋಸ್ಕರ ಬೇರೆ ಪಾತ್ರೇಲಿ ಬೇಯಿಸ್ತಾರೆ."

"ಸೌಟು?"

"ಸೌಟೂ ಬೇರೆ. ಕೇಳಿದೀನಿ."

ಅಣ್ಣ ನನ್ನ ಕಡೆ ನೋಡಿದ. ನಾನು ಉಪ್ಪಿನ ಡಬ್ಬಿಯ ಕಡೆ ನೋಡಿದೆ.

"ನನ್ನ ಹೆಸರಲ್ಲಿ ಹರಕೆ ಇದೆ" ಅಂದ ಅಣ್ಣ, ಬಹಳ ಮೆಲ್ಲಗೆ. "ನನ್ನ ಜೀವದ ಪ್ರಶ್ನೆ ಅದು."

ಅತ್ತಿಗೆ ಚಮಚ ಕೆಳಗಿಟ್ಟರು. "ಆ ಹರಕೆ ನಾನು ಹೊತ್ತಿದ್ದಲ್ಲ. ಅತ್ತೆ ಫೋನಲ್ಲಿ ಹೇಳಿದ್ರು, ಇವಳು ಹೂಂ ಅಂದ್ಲು. ನಾನು ಆವಾಗ ನಿಮ್ಮ ಕನ್ನಡಕ ಕೈಲಿ ಹಿಡ್ಕೊಂಡು ಗೋಡೆ ಹತ್ರ ನಿಂತಿದ್ದೆ. ನನ್ನ ಯಾರೂ ಕೇಳಲಿಲ್ಲ. ಆದ್ರೂ ಹದಿನೆಂಟು ವರ್ಷ ಮಾಡಿದೆ. ಒಂದು ವಾರ ತಪ್ಪಿಸಲಿಲ್ಲ. ಸಾಕು ಅನ್ನಿಸ್ತು, ಬಿಟ್ಟೆ."

"ಯಾವಾಗ?"

"ಎರಡು ವರ್ಷ ಆಯ್ತು."

ಅತ್ತಿಗೆ ಮುಂದುವರಿಸಿದರು: "ಎರಡು ವರ್ಷದಲ್ಲಿ ನಿಮ್ಮ ಹಾರ್ಟ್ ಟೆಸ್ಟ್ ನಾಲ್ಕು ಸಲ ಆಗಿದೆ. ನಾಲ್ಕೂ ರಿಪೋರ್ಟ್ ನಾನೇ ಓದಿದೀನಿ. ಹಿಂದಿನದಕ್ಕಿಂತ ಚೆನ್ನಾಗಿದೆ. ನೀವು ಎಂಜಿನಿಯರ್, ನೀವೇ ಹೇಳಿ."

ವಿಮಾನದ ರೆಕ್ಕೆ ಮುರಿಯುವ ಜಾಗವನ್ನು ಮೊದಲೇ ಹೇಳುತ್ತಿದ್ದ ನನ್ನ ಅಣ್ಣ ಅತ್ತಿಗೆಯ ತಟ್ಟೆಯನ್ನೇ ನೋಡಿದ. "ಅಷ್ಟೊಂದು ಹಸಿವಾಗ್ತಿತ್ತಾ ನಿಂಗೆ?" ಎಂದು ಕೇಳಿದ. ಅವನ ಬಾಯಿಂದ ಅಂಥ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿದ್ದು.

"ಹಸಿವು ತಡ್ಕೋಬಹುದು" ಅಂದರು ಅತ್ತಿಗೆ. "ಇಲ್ಲಿ ಬಿಸಿ ಬಿಸಿ ತಂದು ನನ್ನ ಮುಂದೆ ಇಡ್ತಾರೆ. ನಾನು ಯಾರಿಗೂ ಬಡಿಸ್ಬೇಕಾಗಿಲ್ಲ, ಯಾರ ತಟ್ಟೆ ಖಾಲಿ ಆಯ್ತು ಅಂತ ನೋಡ್ಬೇಕಾಗಿಲ್ಲ. ಒಂದು ಗಂಟೆ. ನಂಗೆ ಅದು ಬೇಕು."

ಅಷ್ಟರಲ್ಲಿ ಹೋಟೆಲಿನ ಒಡತಿ ಮಿರ್ತಾ ಬಂದರು. ಅತ್ತಿಗೆಯದೇ ವಯಸ್ಸು, ಬೆಳ್ಳಿಕೂದಲಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಅವರ ಮೊಮ್ಮಗಳಿಗೆ ಹದಿನೈದು ತುಂಬಿದಾಗ ಮಾಡುವ ಹಬ್ಬದ ಗೌನನ್ನು ಅತ್ತಿಗೆ ಸರಿಮಾಡಿಕೊಟ್ಟಿದ್ದರಂತೆ. ಪರಿಚಯ ಶುರುವಾದದ್ದು ಹಾಗೆ. "ನಿಮ್ಮವರಾ?" ಎಂದು ಮಿರ್ತಾ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು. "ನನ್ನ ಗಂಡ, ನನ್ನ ನಾದಿನಿ. ಊಟಕ್ಕೆ ಬಂದಿದ್ದಾರೆ" ಎಂದರು ಅತ್ತಿಗೆ.

ನಾವು ಊಟಕ್ಕೆ ಬಂದಿರಲಿಲ್ಲ. ಆದರೆ ಮೆನು ಬಂತು. ಅಣ್ಣ ಅಭ್ಯಾಸಬಲದಿಂದ ಕನ್ನಡಕ ಹಣೆಗೇರಿಸಿ ಬೆರಳೆತ್ತಿ, "ಮೂರು" ಎಂದು ಶುರುಮಾಡಿದ. ಅತ್ತಿಗೆ ಕೈಚಾಚಿ ಮೆನುವಿನ ಮೇಲೆ ಅಂಗೈ ಇಟ್ಟರು.

"ನಿಮ್ಮದು ಮಾತ್ರ ಹೇಳಿ."

ಅಣ್ಣ ಮೆನು ನೋಡಿದ. ಬಹಳ ಹೊತ್ತು ನೋಡಿದ. ತನಗೊಬ್ಬನಿಗೇ ಏನು ಬೇಕು ಎಂದು ಯೋಚಿಸಿ ಅವನಿಗೂ ಅಭ್ಯಾಸವಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಅತ್ತಿಗೆಯ ತಟ್ಟೆಯತ್ತ ಕಣ್ಣು ಹಾಯಿಸಿ, "ಅದು ಹೇಗಿದೆ? ಒಂಚೂರು ಕೊಡು" ಅಂದ.

"ತರಿಸ್ಕೊಳಿ" ಅಂದರು ಅತ್ತಿಗೆ. ತಟ್ಟೆಯನ್ನು ಸರಿಸಲಿಲ್ಲ.

ಅವನು ತರಿಸಿಕೊಂಡ. ನಾನು ಮರಗೆಣಸು ತರಿಸಿಕೊಂಡೆ. ಮೆತ್ತಗೆ ಬೇಯಿಸಿ, ಬೆಳ್ಳುಳ್ಳಿ ಮತ್ತು ಹುಳಿ ಕಿತ್ತಳೆಯ ಒಗ್ಗರಣೆ ಸುರಿದು ಕೊಡುತ್ತಾರೆ. ಆ ಹುಳಿ ನಮ್ಮ ಹೇರಳೆಕಾಯಿಯ ಹತ್ತಿರದ ಸಂಬಂಧಿ. ನಮ್ಮ ತಟ್ಟೆಗಳು ಬರುವಷ್ಟರಲ್ಲಿ ಅತ್ತಿಗೆ ತಮ್ಮ ಪುಟ್ಟ ಲೋಟದ ಕಾಫಿಯನ್ನು ಮುಗಿಸಿದ್ದರು. ಗಡಿಯಾರ ನೋಡಿ ಎದ್ದರು. "ನನ್ನ ಲಂಚ್ ಟೈಮ್ ಮುಗೀತು. ನಿಧಾನವಾಗಿ ಊಟ ಮಾಡ್ಕೊಂಡು ಬನ್ನಿ. ಇನ್ನೊಂದು ಮಾತು. ಬೇರೆ ಯಾವ ದಿನ ಬೇಕಾದ್ರೂ ಎಲ್ರೂ ಒಟ್ಟಿಗೆ ಇಲ್ಲಿಗೆ ಬರೋಣ. ಗುರುವಾರ ಬರಬೇಡಿ. ಗುರುವಾರ ನಂದು."

ಅವರು ಬಾಗಿಲು ದಾಟಿ ಹೋದರು. ನಾನೂ ಅಣ್ಣನೂ ಎದುರುಬದುರು ಕೂತು ಉಂಡೆವು. ನ್ಯಾಯ ಕೇಳಲು ಹೋದವರು ಹೀಗೆ ಊಟ ಮಾಡಿಕೊಂಡು ಬಂದೆವು. ಅಣ್ಣ ನೇಂದ್ರ ಬಾಳೆಯ ಹೋಳನ್ನು ಇನ್ನೊಂದು ಸಲ ಕೇಳಿ ಹಾಕಿಸಿಕೊಂಡ. ಕಾರಿನಲ್ಲಿ ಬರುವಾಗ ಹೇಳಿದ: "ಅವಳು ನಿಂತ್ಕೊಂಡು ಊಟ ಮಾಡ್ತಾಳೆ ಅಲ್ವಾ, ಮನೇಲಿ?" ಹೌದು ಅಂದೆ. "ನಾನು ನೋಡಿದೀನಿ" ಅಂದ.

ಅಮ್ಮ ಆಗ ಮೈಸೂರಿನಲ್ಲಿ ನಡುವಣ್ಣನ ಮನೆಯಲ್ಲಿದ್ದರು, ತೊಂಬತ್ತು ದಾಟಿತ್ತು. ಅವರಿಗೆ ಹೇಳುವುದು ಬೇಡ ಎಂದು ನಾನೂ ಅಣ್ಣನೂ ಮಾತಾಡಿಕೊಂಡೆವು. ಅತ್ತಿಗೆ ಒಪ್ಪಲಿಲ್ಲ. ಆ ಭಾನುವಾರವೇ ಸ್ಪೀಕರ್ ಹಾಕಿ ಫೋನು ಮಾಡಿದರು. "ಅತ್ತೆ, ನಾನು ಗುರುವಾರದ ಒಪ್ಪೊತ್ತು ಬಿಟ್ಟಿದೀನಿ. ಮಧ್ಯಾಹ್ನ ಹೋಟೆಲಲ್ಲಿ ಊಟ ಮಾಡ್ತೀನಿ."

ಅಣ್ಣ ನೆಲ ನೋಡುತ್ತಿದ್ದ. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಬಿಸಿ ಇರುತ್ತಾ?" ಎಂದರು ಅಮ್ಮ.

"ಇರುತ್ತೆ ಅತ್ತೆ."

"ಉಣ್ಣು ಹಾಗಾದ್ರೆ."

ಹನ್ನೆರಡು ಜನರ ಮನೆಗೆ ಸೊಸೆಯಾಗಿ ಬಂದ ನನ್ನ ಅಮ್ಮ ಎಂದಾದರೂ ಬಿಸಿಯಾಗಿ ಉಂಡಿದ್ದರೇ? ನನಗೆ ತಿಳಿಯದು. ಅದನ್ನೂ ನಾನು ಕೇಳಲಿಲ್ಲ. ಎರಡು ವರ್ಷದ ನಂತರ ಅವರು ತೀರಿಕೊಂಡರು.

ಸುದ್ದಿ ನಮ್ಮ ಜನರ ನಡುವೆ ಹರಡಿತು. ಅದಕ್ಕೂ ಬಹುಶಃ ನಾನೇ ಕಾರಣ. "ಪಾಪ, ಗಂಡ ಹೆಂಡತಿಗೆ ಸರಿ ಇಲ್ವಂತೆ" ಅಂದರು ಕೆಲವರು. ಒಂದು ಯುಗಾದಿಯ ಊಟದಲ್ಲಿ ಯಾರೋ ಅಣ್ಣನನ್ನೇ ಕೇಳಿದರು: "ಏನ್ ಸಾರ್, ಮೇಡಂ ಒಬ್ಬರೇ ಹೋಟೆಲಿಗೆ ಹೋಗ್ತಾರಂತೆ?" ಅಣ್ಣ ಹೋಳಿಗೆ ಮುರಿಯುತ್ತ, "ಹೂಂ. ಗುರುವಾರ ನನ್ನ ಅಡುಗೆ ನಾನೇ ಮಾಡ್ಕೋತೀನಿ. ಬೇಕಾದ್ರೆ ಬನ್ನಿ, ನಿಮಗೂ ಅನ್ನ ಹುಳಿ ಮಾಡಿ ಹಾಕ್ತೀನಿ" ಅಂದ. ಅವನ ಹುಳಿ ಕೆಟ್ಟದಾಗಿರುತ್ತಿತ್ತು, ಹೇಳಬಾರದು. ಆದರೆ ಅವತ್ತು ಅವನು ನನ್ನ ಅಣ್ಣ ಎಂದು ನನಗೆ ಹೆಮ್ಮೆಯಾಯಿತು.

ಕಳೆದ ವರ್ಷ ಅಣ್ಣ ಹೋದ. ಎಪ್ಪತ್ತೊಂಬತ್ತು. ಹೃದಯವೇ ನಿಂತಿತು, ಹಿತ್ತಲಿನಲ್ಲಿ ಎಲೆ ಗುಡಿಸುತ್ತಿದ್ದಾಗ.

ವೈಕುಂಠ ಸಮಾರಾಧನೆಯ ದಿನ ಮನೆ ತುಂಬ ಜನ. ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ನಮ್ಮ ಬಳಗದ ಒಬ್ಬ ಹಿರಿಯ ಹೆಂಗಸು, ಹೆಸರು ಬೇಡ, ಪಕ್ಕಕ್ಕೆ ಬಂದು ನಿಂತು ಪಿಸುದನಿಯಲ್ಲಿ, "ಏನೇ ಆಗಲಿ, ಪದ್ಮಾ ಆ ಗುರುವಾರದ್ದು ಬಿಡಬಾರದಿತ್ತು" ಅಂದರು. ಹಿಂದಿನ ಕೋಣೆಯಲ್ಲಿ ಅತ್ತಿಗೆ ಕೂತಿದ್ದರು. ಬಾಗಿಲು ತೆರೆದಿತ್ತು.

ನಾನು ಜಗಳದವಳಲ್ಲ. ಲಾರಿಯ ಹಿಂದೆ ನಿಲ್ಲುವವಳು. ಆದರೆ ಅವತ್ತು ಕೈಯಲ್ಲಿದ್ದ ಲೋಟವನ್ನು ಸಿಂಕಿನಲ್ಲಿಟ್ಟೆ. ನಲ್ಲಿ ನಿಲ್ಲಿಸಿದೆ, ನನ್ನ ಮಾತು ಎಲ್ಲರಿಗೂ ಕೇಳಲೆಂದೇ ನಿಲ್ಲಿಸಿದೆ.

"ಆ ಹರಕೆಗೆ ಹೂಂ ಅಂದವಳು ನಾನು. ಅತ್ತಿಗೆಯಲ್ಲ. ಲೆಕ್ಕಕ್ಕೆ ಅದನ್ನ ನಾನು ಮಾಡ್ಬೇಕಿತ್ತು, ಒಂದು ದಿನಾನೂ ಮಾಡಲಿಲ್ಲ. ತಪ್ಪು ಹೊರಿಸೋದಿದ್ರೆ ನನ್ನ ಮೇಲೆ ಹೊರಿಸಿ. ಇಲ್ಲೇ ನಿಂತಿದೀನಿ. ಈ ಮಾತು ಹಿಡ್ಕೊಂಡು ಅವರ ಹತ್ರ ಹೋಗ್ಬೇಡಿ."

ಆ ಹೆಂಗಸು ಸೆರಗು ಸರಿಮಾಡಿಕೊಂಡು ಹೋದರು. ಮತ್ತೆ ನನ್ನನ್ನು ಯಾವ ಪೂಜೆಗೂ ಕರೆದಿಲ್ಲ. ಕರೆಯದಿದ್ದರೆ ಬೇಡ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದು ಅನ್ನಿಸಲೇ ಇಲ್ಲ. ಹಿಂದಿನ ಕೋಣೆಗೆ ಹೋದಾಗ ಅತ್ತಿಗೆ, "ಹೌದು, ಹಾರ್ಟೇ" ಅಂದರು. "ಎಂಬತ್ತರ ಹತ್ರದವರೆಗೂ ಹೊಡ್ಕೊಳ್ತಾ ಇತ್ತು. ಇನ್ನೆಷ್ಟು ಕೇಳೋಣ ಅದನ್ನ?" ಆಮೇಲೆ ಅತ್ತರು. ಅಣ್ಣ ಹೋದ ಮೇಲೆ ಅವರು ಅತ್ತದ್ದನ್ನು ನಾನು ಕಂಡದ್ದು ಅವತ್ತೇ. ನಾನು ಪಕ್ಕದಲ್ಲಿ ಕೂತಿದ್ದೆ.

ಮುಂದಿನ ಬುಧವಾರ ಅವರ ಫೋನು ಬಂತು. "ನಾಳೆ ಮಿರ್ತಾ ಹತ್ರ ಹೋಗ್ತೀನಿ" ಅಂದರು.

"ಜನ ಮಾತಾಡ್ತಾರೆ ಅತ್ತಿಗೆ. ಇನ್ನೂ ತಿಂಗಳಾಗಿಲ್ಲ."

"ಮಾತಾಡ್ಲಿ. ಅವರು ಇದ್ದಾಗ ಹೋಗಿದ್ದು ಸರಿ ಆದ್ರೆ, ಇಲ್ಲದಾಗ ಹೋಗೋದು ಹೇಗೆ ತಪ್ಪಾಗುತ್ತೆ?"

ನನಗೆ ಅವರನ್ನು ಒಬ್ಬರೇ ಬಿಡಲು ಮನಸ್ಸಿರಲಿಲ್ಲ. "ನಾನೂ ಬರಲಾ?" ಎಂದು ಕೇಳಿದೆ. ಕೇಳಿದೆ, ಗಮನಿಸಿ, ಬರ್ತೀನಿ ಎಂದು ಹೇಳಲಿಲ್ಲ. ಅತ್ತಿಗೆ ಯೋಚಿಸಿದರು.

"ಬಾ. ಆದ್ರೆ ಬೇರೆ ಟೇಬಲ್‌ನಲ್ಲಿ ಕೂತ್ಕೋ."

ಹಾಗೇ ಕೂತೆ. ಅವರು ಕಿಟಕಿಯ ಹತ್ತಿರ, ನಾನು ಗೋಡೆಯ ಹತ್ತಿರ. ಮಿರ್ತಾ ಇಬ್ಬರನ್ನೂ ನೋಡಿ ಏನೂ ಕೇಳದೆ ಎರಡು ಮೆನು ತಂದರು. ಮೊದಲ ದಿನ ನನಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಇಡೀ ಹೋಟೆಲು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಮೂರು ಸಲ ಫೋನು ತೆಗೆದೆ. ನಾಲ್ಕನೆಯ ಸಲ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದೆ.

ಈಗ ಒಂದು ವರ್ಷವಾಗುತ್ತ ಬಂತು. ಗುರುವಾರ ನಡುಮಧ್ಯಾಹ್ನದ ಮೀಟಿಂಗುಗಳಿಗೆ ನಾನು ಸಿಗುವುದಿಲ್ಲ ಎಂದು ಲ್ಯಾಬಿನಲ್ಲಿ ಹೇಳಿದ್ದೇನೆ. ಕಾರಣ ಕೇಳಿದರು, ಹೇಳಲಿಲ್ಲ. ಅಷ್ಟು ದೂರ ಒಂದು ಊಟಕ್ಕೆ ಡ್ರೈವ್ ಮಾಡುವುದು ಹುಚ್ಚು ಎಂದು ನನ್ನ ಗಂಡ ಅನ್ನುತ್ತಾರೆ. ಹುಚ್ಚಾದರೆ ಹುಚ್ಚು. ಮೊನ್ನೆ ಗುರುವಾರವೂ ಆ ಬೂದು ಸ್ವೆಟರ್ ಹಾಕಿಕೊಂಡೇ ಹೋಗಿದ್ದೆ. ಅತ್ತಿಗೆ ನನಗಿಂತ ಮುಂಚೆ ಬಂದು ಅರ್ಧ ಊಟ ಮುಗಿಸಿದ್ದರು. ನನ್ನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ; ಮತ್ತೆ ತಮ್ಮ ತಟ್ಟೆಯತ್ತ ತಿರುಗಿದರು. ನಾನು ಕುರ್ಚಿ ಎಳೆದು ಕೂತೆ. ಮಿರ್ತಾ ಬಂದು, "ಏನು ಬೇಕು?" ಎಂದು ಕೇಳಿದರು.

ನನಗೆ ಏನು ಬೇಕೆಂದು ನನಗೆ ಗೊತ್ತಿತ್ತು. ಹೇಳಿದೆ.